ಬಿತ್ತನೆ ಗೂಡು

"ಬುದ್ಧಿ, ನನ್ನಿಂದ ಏನು ತಪ್ಪಾಯಿತೆಂದು ನನ್ನನ್ನು ಹೊರಗೆ ಕಳಿಸುತ್ತಿದ್ದೀರಿ?" ಎಂದು ನಂಜಯ್ಯ ಕೇಳಿದ.

ಕಾಡಂಚಿನ ಊರಿನ ಹೊಸ ಪಾಠಶಾಲೆಗೆ ಪಾಠ ಹೇಳಲು ಹೋಗಬೇಕಾದವನ ಹೆಸರನ್ನು ಗುರುಗಳು ಅಂದು ಬೆಳಿಗ್ಗೆ ಬರೆದುಕೊಟ್ಟಿದ್ದರು. ಅಕ್ಷರ ಸೊಟ್ಟಗಿತ್ತು, ಗುರುಗಳಿಗೆ ವಯಸ್ಸಾಯಿತಲ್ಲ ಎಂದುಕೊಂಡು ಓದಿದರೆ ಅದು ತನ್ನದೇ ಹೆಸರು. ಓದಿನಲ್ಲಿ ಅವನನ್ನು ಮೀರಿಸಿದವರು ಮಠದಲ್ಲಿಲ್ಲ. ಪಾಠ ತಲೆಗೆ ಹತ್ತದವರೆಲ್ಲ ಗುರುಗಳ ಬಳಿಯೇ ಉಳಿಯುತ್ತಾರೆ, ತಾನು ಮಾತ್ರ ಹೊರಡಬೇಕು ಎಂಬುದು ಅವನಿಗೆ ನುಂಗಲಾರದ ತುತ್ತಾಗಿತ್ತು.

ಗುರುಗಳು ಕತೆ ಹೇಳಿದರು.

ಒಬ್ಬ ರೈತ ರೇಷ್ಮೆ ಹುಳು ಸಾಕುತ್ತಿದ್ದ. ಪ್ರತಿ ಬೆಳೆಯಲ್ಲೂ ದಪ್ಪ ಗೂಡುಗಳನ್ನು ಆರಿಸಿ ಬಿತ್ತನೆಗೆ ಎತ್ತಿಡುವುದು ಅವನ ತಾಯಿಯ ಪದ್ಧತಿ. ಉಳಿದವು ಬಿಸಿನೀರಿಗೆ ಬಿದ್ದು ನೂಲಾಗುತ್ತಿದ್ದವು. ಬಿತ್ತನೆ ಗೂಡನ್ನು ಮಾತ್ರ ಬಿಳಿ ಪತಂಗ ತೂತು ಮಾಡಿಕೊಂಡು ಹೊರಬಂದು ಮುಂದಿನ ಬೆಳೆಗೆ ಮೊಟ್ಟೆ ಇಡುತ್ತಿತ್ತು. ತೂತಾದ ಗೂಡಿನಿಂದ ನೂಲು ಬಿಚ್ಚುವುದಿಲ್ಲ.

ತಾಯಿ ತೀರಿಕೊಂಡ ಮೇಲೆ ರೈತ ಜಾಣನಾದ. ಒಳ್ಳೆಯದನ್ನು ಯಾರಾದರೂ ಕೈಯಾರೆ ಕೆಡಿಸುತ್ತಾರೆಯೇ ಎಂದು ದಪ್ಪ ಗೂಡುಗಳನ್ನೆಲ್ಲ ನೂಲಿಗೆ ಹಾಕಿದ, ಜೊಳ್ಳನ್ನು ಬಿತ್ತನೆಗೆ ಇಟ್ಟ. ಆ ಸಲ ಅವನ ನೂಲನ್ನು ಊರೇ ಹೊಗಳಿತು. ಮುಂದಿನ ಬೆಳೆಯ ಹುಳುಗಳು ಸೊಪ್ಪಿಗೆ ಸರಿಯಾಗಿ ಬಾಯಿ ಹಾಕಲಿಲ್ಲ. ಅದರ ಮುಂದಿನವು ಕಟ್ಟಿದ ಗೂಡು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿತ್ತು.

"ನಮ್ ಕೈಗುಣ ಹೋಯ್ತು ಕಣೇ. ಈ ಕಸುಬೇ ಬಿಟ್ಬುಡಾನ" ಎಂದ ರೈತ.

"ಕೈಗುಣ ಎಲ್ಲೂ ಹೋಗಿಲ್ಲ. ಗಟ್ಟಿ ಕಾಳೆಲ್ಲ ಬೇಯಿಸ್ಕೊಂಡು ಜೊಳ್ಳು ಬಿತ್ತುದ್ರೆ ಇನ್ನೇನ್ ಬೆಳೀತದೆ?" ಎಂದಳು ಹೆಂಡತಿ.

ಇಬ್ಬರೂ ರಾಶಿಯನ್ನೆಲ್ಲ ಕೆದಕಿದರು. ಸಿಕ್ಕ ಗಟ್ಟಿ ಗೂಡು ಇಪ್ಪತ್ತೇ. ಮನೆಯಲ್ಲಿದ್ದ ಒಳ್ಳೆಯದೆಲ್ಲ ಅಷ್ಟೇ. ಅವನ್ನು ಬಿತ್ತನೆಗೆ ಎತ್ತಿಡುವಾಗ ರೈತನ ಕೈ ನಡುಗಿತು. ಆದರೂ ಇಟ್ಟ. ಪತಂಗಗಳು ಬಂದವು. ಒಂದೊಂದು ಹೆಣ್ಣೂ ಸಾಸಿವೆಯಂಥ ನಾನೂರು ಮೊಟ್ಟೆ ಇಟ್ಟಿತು. ಎರಡು ಬೆಳೆ ಕಳೆಯುವಷ್ಟರಲ್ಲಿ ಹುಳುಗಳಿಗೆ ಮನೆಯ ತಟ್ಟೆಗಳು ಸಾಲದಾದವು, ನೆರೆಯೂರಿನವರೂ ಮೊಟ್ಟೆ ಕೇಳಿಕೊಂಡು ಬಂದರು.

ಕತೆ ಮುಗಿಯಿತು. ನಂಜಯ್ಯ ಬಿಡಲಿಲ್ಲ.

"ಹಾಗಾದರೆ ಮಠಕ್ಕೆ ನಾನು ಬೇಡವಾದೆನೆಂದು ಕಳಿಸುತ್ತಿಲ್ಲ ತಾನೇ ಬುದ್ಧಿ?"

ಗುರುಗಳು ಹೇಳಿದರು: "ಬೆಳಿಗ್ಗೆ ಆ ಅಕ್ಷರ ಸೊಟ್ಟಗಾದದ್ದು ವಯಸ್ಸಿನಿಂದಲ್ಲ ನಂಜಯ್ಯ, ನಿನ್ನ ಹೆಸರು ಬರೆಯುವಾಗ ನನ್ನ ಕೈಯೂ ನಡುಗಿತು."