ಕೂಸಿಗೆ ಕಷಾಯ ಕೊಡು

ಮಲಪ್ರಭೆಯ ದಂಡೆಯ ಒಂದು ಆಶ್ರಮದಲ್ಲಿ ಮಡಿವಾಳಯ್ಯ ಎಂಬ ಗುರುಗಳಿದ್ದರು. ಬೇರು, ತೊಗಟೆ, ಸೊಪ್ಪುಗಳಿಂದ ಔಷಧಿ ಮಾಡಿ, ಬಂದವರಿಗೆ ಕೊಡುತ್ತಿದ್ದರು. ಆ ಔಷಧಿಗಳ ವಿವರವೆಲ್ಲ ಅವರ ಗುರುಗಳು ಬರೆದಿಟ್ಟ ದೊಡ್ಡ ಗ್ರಂಥದಲ್ಲಿತ್ತು.

ಶರಭ ಅವರ ಶಿಷ್ಯ. ಕಂಪ್ಯೂಟರ್ ಓದಿ ಬಂದವನು. ಆಶ್ರಮದ ವೆಬ್‌ಸೈಟ್ ನೋಡಿಕೊಳ್ಳುವುದು ಅವನ ಪಾಲಿಗೆ ಬಂದ ಸೇವೆ.

ಗ್ರಂಥದ ವಾಕ್ಯಗಳು ಬಲು ಉದ್ದ. ಓದಿ ಮುಗಿಸುವಷ್ಟರಲ್ಲಿ ಮೊದಲಿಗೆ ಏನಿತ್ತೆಂಬುದು ಮರೆತುಹೋಗುತ್ತಿತ್ತು. ಮೊಬೈಲಿನಲ್ಲಿ ಅದನ್ನು ಯಾರು ಓದುತ್ತಾರೆ?

ಶರಭ ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಲೈಬ್ರರಿ, ಎಂದರೆ ಬೇರೆ ಪ್ರೋಗ್ರಾಂಗಳಿಗೆ ಜೋಡಿಸುವ ತುಣುಕು, ಬರೆದ. ವಾಕ್ಯವನ್ನು ಬಿಡಿಸಿ ಮರದಂತೆ ಹರಡುವ ಪ್ರೋಗ್ರಾಂ ಮೊದಲೇ ಇತ್ತು. ಕ್ರಿಯಾಪದ ಅದರ ಕಾಂಡ, ಉಳಿದ ಪದಗಳು ಕೊಂಬೆ, ಪ್ರತ್ಯಯಗಳು ಎಲೆ. ಆ ಮರ ಪರದೆಯಲ್ಲಿ ಹಿಡಿಸದಷ್ಟು ದೊಡ್ಡದು. ಶರಭನ ಲೈಬ್ರರಿ ಅದನ್ನು ಸವರಿ, ಪುಟದಲ್ಲಿ ಅಂದವಾಗಿ ಕೂರುವಂತೆ ಚಿಕ್ಕದು ಮಾಡುತ್ತಿತ್ತು. ಯಾರಿಗೆ, ಯಾವ ಔಷಧಿ, ಏನು ಮಾಡಬೇಕು. ಅಷ್ಟೇ.

ಒಂದು ಬೆಳಿಗ್ಗೆ ಅದನ್ನು ಗುರುಗಳಿಗೆ ತೋರಿಸಿದ. ಅವರು ಬೇವಿನ ಸೊಪ್ಪು ಬಿಡಿಸುತ್ತಿದ್ದರು.

"ಇಷ್ಟುದ್ದದ ವಾಕ್ಯ, ಈಗ ಇಷ್ಟೇ ಆಗಿದೆ ನೋಡಿ ಗುರುಗಳೇ."

ಗುರುಗಳು ಕನ್ನಡಕ ಏರಿಸಿ ಓದಿದರು. 'ಕೆಮ್ಮುವವರಿಗೆ ಶುಂಠಿ ಕೊಡು' ಎಂದಿತ್ತು.

"ಸರಿಯಾಗಿದೆ. ಸವರಿದ್ದೆಲ್ಲ ಎಲ್ಲಿ ಹೋಯಿತು?"

"ಎಲ್ಲಿಗೂ ಇಲ್ಲ. ಅದು ಬೇಕಿಲ್ಲದ್ದು."

"ಬೇಕಿಲ್ಲ ಎಂದು ಯಾರು ನೋಡಿದರು?"

"ಪ್ರೋಗ್ರಾಂ ನೋಡುತ್ತದೆ ಗುರುಗಳೇ. ಒಂದೊಂದನ್ನೂ ನಾವು ನೋಡುತ್ತ ಕೂತರೆ ವರ್ಷ ಹಿಡಿಯುತ್ತದೆ."

ಗುರುಗಳು ಇನ್ನೇನೋ ಕೇಳುವವರಿದ್ದರು. ಅಷ್ಟರಲ್ಲಿ ರೋಗಿಗಳು ಬಂದರು. ಅವರನ್ನು ನೋಡಲು ಗುರುಗಳು ಎದ್ದು ಹೋದರು.

ಅಂದೇ ಶರಭ ಇಡೀ ಗ್ರಂಥವನ್ನು ಸವರಿ ವೆಬ್‌ಸೈಟಿಗೆ ಏರಿಸಿದ. ಜನ ಮೆಚ್ಚಿದರು. ಒಬ್ಬರು ಇನ್ನೊಬ್ಬರಿಗೆ ಕಳಿಸಿದರು. ಸುತ್ತಿನ ಹಳ್ಳಿಗಳಲ್ಲೆಲ್ಲ ಆಶ್ರಮದ ಪುಟ ಓಡಾಡಿತು.

ಒಂದು ಮಧ್ಯಾಹ್ನ ದ್ಯಾಮವ್ವ ಎಂಬ ಹೆಣ್ಣುಮಗಳು ಓಡುತ್ತ ಬಂದಳು. ಎದೆಗೆ ಅವಚಿಕೊಂಡ ಕೂಸಿನ ಕೈಕಾಲು ಜೋತುಬಿದ್ದಿದ್ದವು.

"ಅಜ್ಜಾರ, ಕೂಸು ಕಣ್ಣ ತೆರೀವಲ್ದು ನೋಡ್ರಿ!"

ಗುರುಗಳು ಕೂಸಿನ ತುಟಿ ಮೂಸಿದರು. ಅವರ ಮುಖ ಬಿಳಿಚಿತು.

"ಏನು ಕೊಟ್ಟೆ ತಾಯಿ?"

"ನೀವು ಹೇಳಿದ್ದ ಕೊಟ್ಟೇನ್ರಿ. ಫೋನಿನ್ಯಾಗ ಹಂಗ ಬಂದಿತ್ತು."

ಅವಳು ಫೋನನ್ನು ಶರಭನ ಕೈಗೆ ತುರುಕಿದಳು. ಒಂದು ಬೇರಿನ ಹೆಸರಿನ ಕೆಳಗಿದ್ದ ಸಾಲನ್ನು ಅವನು ಓದಿದ.

'ಕೂಸಿಗೆ ಕಷಾಯ ಕೊಡು.'

ಗ್ರಂಥದಲ್ಲಿದ್ದ ವಾಕ್ಯ ಅವನಿಗೆ ನೆನಪಾಯಿತು: ಮೊಲೆಹಾಲು ಕುಡಿಯುವ ಕೂಸಿಗೆ ಈ ಬೇರಿನ ಕಷಾಯವನ್ನು ಯಾವ ಕಾರಣಕ್ಕೂ ಕೊಡಬಾರದು.

ಪ್ರೋಗ್ರಾಂ ಕೆಟ್ಟಿರಲಿಲ್ಲ. ಕ್ರಿಯಾಪದದ ಬಾಲವನ್ನೆಲ್ಲ ತೆಗೆದು ಧಾತುವನ್ನಷ್ಟೇ ಉಳಿಸು ಎಂದು ಬರೆದವನು ಅವನೇ. ಎಲ್ಲ ವಾಕ್ಯವೂ ಒಂದೇ ಅಳತೆಯಲ್ಲಿ ಕಾಣಲಿ ಎಂಬ ಆಸೆಗೆ ಹಾಗೆ ಮಾಡಿದ್ದ. 'ಕೊಡಬೇಕು' ಸವರಿದರೂ ಕೊಡು. 'ಕೊಡಬಾರದು' ಸವರಿದರೂ ಕೊಡು.

"ಶರಭ!" ಗುರುಗಳು ಎಂದೂ ಹಾಗೆ ಕೂಗಿರಲಿಲ್ಲ. "ಜೀಪು ತೆಗೆ!"

ಶರಭ ಚಾಲಕನ ಸೀಟಿನಲ್ಲಿ ಕೂತು ಕೀಲಿ ಬೀಳಿಸಿದ. ಗುರುಗಳೇ ಅವನನ್ನು ಸರಿಸಿ, ಜೀಪು ಓಡಿಸಿದರು.

"ಮೊದಲು ಆ ಪುಟ ತೆಗೆದುಹಾಕು" ಎಂದರು ರಸ್ತೆಯಿಂದ ಕಣ್ಣು ಕೀಳದೆ.

ಶರಭ ತೆಗೆದ. ಇನ್ನೆಷ್ಟು ಮನೆಗಳಲ್ಲಿ ಅದನ್ನು ಓದಿದ್ದಾರೋ!

ತಾಲ್ಲೂಕು ಆಸ್ಪತ್ರೆಯಲ್ಲಿ ಕೂಸನ್ನು ಒಳಗೆ ಒಯ್ದರು. ಬಾಗಿಲು ಮುಚ್ಚಿತು. ದ್ಯಾಮವ್ವ ನೆಲದ ಮೇಲೆ ಕುಸಿದಳು. ಶರಭನಿಗೆ ಅವಳತ್ತ ನೋಡಲಾಗಲಿಲ್ಲ. ಗುರುಗಳು ಆಶ್ರಮಕ್ಕೆ ಫೋನು ಮಾಡಿ, ಹಳ್ಳಿಹಳ್ಳಿಗೂ ಜನ ಓಡಲಿ, ಆ ಪುಟ ನೋಡಿ ಯಾರೂ ಔಷಧಿ ಕೊಡದಿರಲಿ ಎಂದು ಹೇಳಿದರು.

ಹೊತ್ತು ಇಳಿಯುವಾಗ ಒಳಗಿನಿಂದ ಅಳು ಕೇಳಿತು. ಸಣ್ಣ, ಒಡಕು ಅಳು.

"ಉಳಿಯಿತು" ಎಂದರು ಡಾಕ್ಟರು. "ಇನ್ನು ಸ್ವಲ್ಪ ತಡವಾಗಿದ್ದರೆ ಹೇಳುವಂತಿರಲಿಲ್ಲ."

ದ್ಯಾಮವ್ವ ಎದ್ದು ನಿಂತಳು. ಅತ್ತು ಕಣ್ಣು ಊದಿದ್ದವು. ಈಗ ಅವುಗಳಲ್ಲಿ ಬೆಂಕಿಯಿತ್ತು.

"ಅದನ್ನ ಬರದವ್ರು ಯಾರ್ರೀ ಅಜ್ಜಾರ?"

"ನಾನು" ಎಂದರು ಗುರುಗಳು.

ಶರಭ ಬೆಚ್ಚಿ ತಲೆ ಎತ್ತಿದ. ದ್ಯಾಮವ್ವ ಒಂದು ಗಳಿಗೆ ಗುರುಗಳ ಮುಖವನ್ನೇ ದಿಟ್ಟಿಸಿದಳು.

"ನಿಮ್ಮನ್ನ ದೇವರಂದುಕೊಂಡಿದ್ನೆಲ್ರೀ" ಎಂದಳು. ನಮಸ್ಕಾರ ಮಾಡದೆ ಕೂಸಿನ ಬಳಿ ಒಳಗೆ ಹೋದಳು.

ಗುರುಗಳು ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತರು. ಶರಭ ಅವರ ಕಾಲ ಬಳಿ ಕೂತ.

"ಗುರುಗಳೇ, ಬರೆದವನು ನಾನು. ಏರಿಸಿದವನೂ ನಾನು. ನೀವೇಕೆ ಹಾಗೆ ಹೇಳಿದಿರಿ?"

"ಆಶ್ರಮದ ಹೆಸರಿನಲ್ಲಿ ಹೋಯಿತು. ಒಂದನ್ನು ಓದಿ, ಸರಿಯಾಗಿದೆ ಎಂದೆ. ಉಳಿದದ್ದನ್ನು ಓದಲಿಲ್ಲ, ನಿಲ್ಲು ಎಂದೂ ಹೇಳಲಿಲ್ಲ."

"ಅವಳು ನಿಮ್ಮನ್ನು ಇನ್ನೆಂದೂ ನಂಬುವುದಿಲ್ಲ."

"ನಂಬಲಿಕ್ಕಿಲ್ಲ."

ಶರಭ ಬಿಕ್ಕಿದ. "ಇನ್ನು ನಾನು ಏನನ್ನೂ ಬರೆಯುವುದಿಲ್ಲ."

ಒಳಗೆ ಕೂಸು ಮತ್ತೆ ಅತ್ತಿತು. ದ್ಯಾಮವ್ವ ಏನೋ ಹೇಳಿ ಸಮಾಧಾನ ಮಾಡುತ್ತಿದ್ದಳು.

ಗುರುಗಳು ಶಿಷ್ಯನ ತೋಳು ಹಿಡಿದು ಎಬ್ಬಿಸಿದರು. ಬಾಗಿಲಿನತ್ತ ತಿರುಗಿಸಿ ನಿಲ್ಲಿಸಿದರು.

"ನಾನು ಹೇಳಿದ್ದು ಅರ್ಧ ವಾಕ್ಯ. ಉಳಿದರ್ಧ ನಿನ್ನದು. ಹೋಗು, ಹೇಳಿ ಬಾ."