ಕೆಚ್ಚಲ ಮದ್ದಿನ ಜಪ್ತಿ

ಫಾರಂನ ಹಸುವಿನ ಕೆಚ್ಚಲು ಬಾತು ಕಲ್ಲಾಗಿತ್ತು. ಡಾಕ್ಟರು ಬರುವುದು ನಾಳೆ. ಅಷ್ಟರಲ್ಲಿ ಮೊಲೆ ಬತ್ತಿದರೆ ಹಸುವನ್ನು ಮಾರಿಬಿಡುತ್ತಾರೆಂದು ಆಳು ಈರಕ್ಕನಿಗೆ ಗೊತ್ತು. ಲೋಳೆಸರ, ಅರಿಶಿನ, ಸುಣ್ಣ ಅರೆದು ಹಚ್ಚಲು ಕೂತಳು.

ಮ್ಯಾನೇಜರು ಕೊಟ್ಟಿಗೆಯಲ್ಲಿ ಅತ್ತಿಂದಿತ್ತ ಓಡಾಡುತ್ತ ಗುಡುಗಿದರು. “ಮಂಜೂರಾತಿಯಿಲ್ಲದ ಔಷಧಿ! ಮುಟ್ಟಬೇಡ! ಈ ಸಾಮಾನೆಲ್ಲ ಎಲ್ಲಿಂದ ಬಂತೋ ಅಲ್ಲಿಗೇ ಹೋಗಿ ಈಗಲೇ ಜಪ್ತಿ ಮಾಡ್ತೀನಿ.”

“ಮಾಡಿ ಬುದ್ದಿ. ಲೋಳೆಸರ ನಿಮ್ಮ ಬಾಗಿಲಿಗೆ ದೃಷ್ಟಿಯಾಗದಿರಲಿ ಅಂತ ಕಟ್ಟಿದ್ದು. ಸುಣ್ಣ ನಿಮ್ಮ ಎಲೆಅಡಿಕೆ ಡಬ್ಬೀದು. ಅರಿಶಿನ ನಿಮ್ಮನೆ ಅಮ್ಮಾವ್ರು ಅಡುಗೆಮನೆಯಿಂದ ಕೊಟ್ಟದ್ದು.”

ಮ್ಯಾನೇಜರು ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. ಮೊದಲೆರಡು ಕಡೆ ಜಪ್ತಿಗೆ ಅಡ್ಡಿಯಿರಲಿಲ್ಲ. ಮೂರನೆಯ ಕಡೆ ಅಮ್ಮಾವ್ರಿದ್ದರು.

“ಸುಮ್ಮನೆ ಏನು ನೋಡ್ತಾ ಕೂತೆ?” ಎಂದು ರೇಗಿದರು. “ಒಣಗೋದ್ರೊಳಗೆ ಹಚ್ಚು!”