ತೂಬಿನ ತಿರುವಿನ ದೀಪ

ಗುರುವಾರಗಳಂದು ಚಿದಂಬರಯ್ಯನವರು ಮಾತನಾಡುತ್ತಿರಲಿಲ್ಲ.

ಮಧ್ಯಾಹ್ನ ಊಟ ಮಾಡಿ ಕೈ ತೊಳೆದರೆ, ಸಂಜೆ ಗುಡಿಯ ದೀಪ ಹಚ್ಚುವವರೆಗೆ ಮೌನ. ಹೇಳಲೇಬೇಕಾದದ್ದನ್ನು ಒಂದು ಸಣ್ಣ ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದರು. ಮೂವತ್ತೊಂದು ವರ್ಷಗಳಲ್ಲಿ ಈ ನಿಯಮ ಒಮ್ಮೆಯೂ ತಪ್ಪಿರಲಿಲ್ಲ.

ಅವರು ಗುರುಗಳಾಗಿದ್ದ ಹೊಳೆಯ ದಡದ ಆಶ್ರಮದಲ್ಲಿ ಒಂದು ಚಿಕ್ಕ ಔಷಧಾಲಯವಿತ್ತು. ಸುತ್ತಲ ಹಳ್ಳಿಗಳ ಕಾಯಿಲೆಯವರನ್ನು ಕರೆತರುವುದು, ಮತ್ತೆ ಅವರನ್ನು ಮನೆ ಮುಟ್ಟಿಸುವುದು ಶಿಷ್ಯ ವಾಮದೇವನ ಕೆಲಸ. ಹನ್ನೆರಡು ವರ್ಷ ಅವನು ಹಳೆಯ ಜೀಪು ಓಡಿಸಿದ್ದ. ಆ ವರ್ಷ ಭಕ್ತರೊಬ್ಬರು ಹೊಸ ವ್ಯಾನು ಕೊಟ್ಟಿದ್ದರು.

ಜೀಪಿನಲ್ಲಿ ಸ್ವಿಚ್ಚು ಎಳೆದರೆ ಹೊರಗಿನ ದೀಪಗಳು ಹತ್ತುತ್ತಿದ್ದವು; ಅವುಗಳ ಜೊತೆಗೇ ಡ್ಯಾಶ್‌ಬೋರ್ಡಿನ ಮಂಕು ಬಲ್ಬೂ ಹತ್ತುತ್ತಿತ್ತು. ಒಳಗೆ ಬೆಳಕಿದ್ದರೆ ಹೊರಗೂ ಇದೆ ಎಂದೇ ಲೆಕ್ಕ.

ವ್ಯಾನು ಹಾಗಲ್ಲ. ಕೀಲಿ ತಿರುಗಿಸಿದ ಕೂಡಲೇ ಡ್ಯಾಶ್‌ಬೋರ್ಡು ತಾನಾಗಿ ಬೆಳಗುತ್ತಿತ್ತು, ನಡುಹಗಲಿನಲ್ಲೂ. ಹೊರಗಿನ ದೀಪಕ್ಕೆ ಬೇರೆ ಸ್ವಿಚ್ಚು. ಇದನ್ನು ವಾಮದೇವನಿಗೆ ಹೇಳಿಕೊಟ್ಟಿದ್ದರು. ಅವನು ತಲೆಯಾಡಿಸಿದ್ದ.

ಸಂಜೆಯ ಪೂಜೆಗೆ ಹೂವು ತರುತ್ತಿದ್ದವಳು ಮರಿಗಂಗಮ್ಮ. ಅರವತ್ತು ದಾಟಿದ ಹೆಂಗಸು. ಅವಳಿಗೆ ಕಿವಿ ಕೇಳಿಸುತ್ತಿರಲಿಲ್ಲ. ಬುಟ್ಟಿ ಹೊತ್ತು, ನಾಲೆಯ ಏರಿಯ ಮೇಲಿನ ರಸ್ತೆಯಲ್ಲಿ ಒಂದೂವರೆ ಮೈಲಿ ನಡೆದು ಬರುತ್ತಿದ್ದಳು.

ಹಿಂದಿನಿಂದ ವಾಹನ ಬಂದರೆ ಅದರ ದೀಪಕ್ಕೆ ಅವಳ ನೆರಳು ಉದ್ದವಾಗಿ ರಸ್ತೆಯ ಮೇಲೆ ಚಾಚಿಕೊಳ್ಳುತ್ತಿತ್ತು. ನೆರಳು ಕಂಡ ತಕ್ಷಣ ಅವಳು ಅಂಚಿಗೆ ಸರಿದು ನಿಲ್ಲುತ್ತಿದ್ದಳು. ವಾಮದೇವ ಅಭ್ಯಾಸಬಲದಿಂದ ಹಾರ್ನು ಒತ್ತಿದ ದಿನ, ಆಶ್ರಮಕ್ಕೆ ಬಂದವಳೇ ಅವನನ್ನು ತಮಾಷೆ ಮಾಡುತ್ತಿದ್ದಳು. ಒತ್ತುವಾಗ ಅವನ ಕೈ ಆಡಿದ್ದನ್ನು ಅವಳು ನೋಡಿರುತ್ತಿದ್ದಳು.

"ಆ ಹಾರ್ನು ಹೊಳೆ ಮೀನಿಗೆ ಹೊಡೀರಿ, ಬುದ್ಧಿ. ನನಗೆ ನನ್ನ ನೆರಳೇ ಹೇಳುತ್ತೆ."

ಕಾರ್ತಿಕದ ಒಂದು ಗುರುವಾರ ಗುರುಗಳು ಕಾಯಿಲೆಯವರೊಬ್ಬರನ್ನು ನೋಡಿ ಹಿಂತಿರುಗುತ್ತಿದ್ದರು. ವಾಮದೇವ ವ್ಯಾನು ಓಡಿಸುತ್ತಿದ್ದ. ಗುರುಗಳು ಅವನ ಪಕ್ಕದಲ್ಲಿ ಕುಳಿತಿದ್ದರು.

ಸೂರ್ಯ ಮುಳುಗಿದ್ದ. ಆಕಾಶದಲ್ಲಿ ಇನ್ನೂ ಬೆಳಕಿತ್ತು. ಎದುರಿನಿಂದ ಬಂದ ಬಸ್ಸು ಎರಡು ಸಲ ದೀಪ ಮಿನುಗಿಸಿತು. ಯಾರೋ ಪರಿಚಯದವರು ಎಂದುಕೊಂಡು ವಾಮದೇವ ಕೈಯೆತ್ತಿದ.

ತೂಬಿನ ತಿರುವಿನಲ್ಲಿ ಮರಿಗಂಗಮ್ಮ ಹೋಗುತ್ತಿದ್ದಳು. ಅವನಿಗೆ ಅವಳ ಬೆನ್ನು ಕಂಡಿತು, ತಲೆಯ ಮೇಲಿನ ಬುಟ್ಟಿ ಕಂಡಿತು. ಸರಿಯುತ್ತಾಳೆ ಎಂದು ತಿಳಿದು ಅವನು ಹಾಗೆಯೇ ನಡೆಸಿದ.

ಅವಳು ಸರಿಯಲಿಲ್ಲ.

ಪೇಟೆಯ ಆಸ್ಪತ್ರೆಯಲ್ಲಿ ಎರಡನೆಯ ದಿನ ತೀರಿಕೊಂಡಳು.

ಪೊಲೀಸರ ಮುಂದೆ ವಾಮದೇವ ತಪ್ಪೆಲ್ಲ ತನ್ನದೆಂದು ಬರೆದುಕೊಟ್ಟ. ವ್ಯಾನು ಠಾಣೆಯಲ್ಲಿ ಉಳಿಯಿತು. ಅವನ ಲೈಸೆನ್ಸು ಆರು ತಿಂಗಳು ಅಮಾನತಾಯಿತು. ಕಾಯಿಲೆಯವರು ಬಾಡಿಗೆ ಆಟೋ ಹಿಡಿದು ಬಂದರು. ಬರಲಾಗದವರು ಮನೆಯಲ್ಲೇ ಮಲಗಿದರು.

ಹದಿಮೂರನೆಯ ದಿನ ಅವನು ಗುರುಗಳ ಮುಂದೆ ಬಂದು ನಿಂತ. ಗುರುಗಳು ದೀಪದ ಬತ್ತಿ ಹೊಸೆಯುತ್ತಿದ್ದರು. ಇನ್ನು ಮುಂದೆ ಯಾವ ವಾಹನವನ್ನೂ ಮುಟ್ಟುವುದಿಲ್ಲ, ತನಗೆ ಏನಾದರೂ ಶಿಕ್ಷೆ ವಿಧಿಸಬೇಕು ಎಂದು ಕೇಳಿಕೊಂಡ.

ಗುರುಗಳು ನಡೆದದ್ದನ್ನು ಹೇಳೆಂದರು.

"ಒಳಗೆ ದೀಪ ಹತ್ತಿತ್ತು, ಗುರುಗಳೇ. ಡ್ಯಾಶ್‌ಬೋರ್ಡು ಪೂರ್ತಿ ಬೆಳಗುತ್ತಿತ್ತು. ಹೊರಗೂ ಹತ್ತಿದೆ ಎಂದುಕೊಂಡೆ."

"ಒಳಗಿನದು ಯಾರಿಗೆ ಕಾಣುತ್ತಿತ್ತು?"

"ನನಗೆ."

"ರಸ್ತೆ?"

"ಅದೂ ಕಾಣುತ್ತಿತ್ತು. ಅವಳೂ ಕಂಡಳು. ಚೆನ್ನಾಗಿ ಕಂಡಳು. ಇನ್ನೂ ಅಷ್ಟು ಬೆಳಕಿತ್ತು. ಹೊರಗಿನ ದೀಪವನ್ನು ಯಾವ ಹೊತ್ತಿಗೆ ಹಾಕಬೇಕಿತ್ತು, ಗುರುಗಳೇ?"

ಗುರುಗಳು ಕೈಯಲ್ಲಿದ್ದ ಹತ್ತಿಯನ್ನು ಎರಡು ಭಾಗ ಮಾಡಿ ಅವನ ಅಂಗೈಯಲ್ಲಿಟ್ಟರು.

"ಇದನ್ನು ಕಿವಿಗೆ ಇಟ್ಟುಕೋ. ನಲವತ್ತು ದಿನ ಸಂಜೆಯ ಹೂವನ್ನು ನೀನು ತಾ."

ಮರಿಗಂಗಮ್ಮನ ಮನೆಯಲ್ಲಿ ಈಗ ಇದ್ದವಳು ಮಗಳು ನಂಜಮಣಿ ಒಬ್ಬಳೇ. ವಾಮದೇವ ಬಾಗಿಲಲ್ಲಿ ನಿಂತು ಬಂದ ಕಾರಣ ಹೇಳಿದ. ಅವಳು ಹೂವು ಕಟ್ಟುವುದನ್ನು ನಿಲ್ಲಿಸಲಿಲ್ಲ.

"ವ್ಯಾನಿನಲ್ಲಿ ಓಡಾಡೋರಿಗೆ ಬುಟ್ಟಿ ಹೊರೋಕೆ ಬರುತ್ತಾ?" ಎಂದಳು.

"ಕಲಿಯುತ್ತೇನಮ್ಮ."

"ಕಲಿಯೋದಕ್ಕೆ ನಮ್ಮವ್ವನೇ ಬೇಕಾಗಿದ್ದಳಾ?"

ಆ ದಿನ ಅವಳು ಬುಟ್ಟಿ ಕೊಡಲಿಲ್ಲ. ಮರುದಿನವೂ ಕೊಡಲಿಲ್ಲ. ಮೂರನೆಯ ದಿನ ಹೊಸ್ತಿಲಾಚೆ ಇಟ್ಟು, ಬಾಗಿಲು ಹಾಕಿಕೊಂಡಳು.

ಅವನು ಕಿವಿಗೆ ಹತ್ತಿ ಇಟ್ಟುಕೊಂಡು ನಡೆದ. ಮೊದಲ ದಿನವೇ ಅವನಿಗೆ ಗೊತ್ತಾದದ್ದು ಹೆದರಿಕೆ. ನಾಲ್ಕು ಹೆಜ್ಜೆಗೊಮ್ಮೆ ತಿರುಗಿ ನೋಡಿದ. ತಿರುಗಿದರೆ ಬುಟ್ಟಿ ವಾಲುತ್ತಿತ್ತು, ಹೂವು ಚೆಲ್ಲುತ್ತಿತ್ತು. ಇಷ್ಟು ವರ್ಷ ಅವಳು ಒಂದು ಹೂವನ್ನೂ ಚೆಲ್ಲದೆ ತಂದಿದ್ದಳು. ಎಂದರೆ, ಒಮ್ಮೆಯೂ ತಿರುಗಿ ನೋಡಿರಲಿಲ್ಲ.

ಒಂದು ವಾರವಾದ ಮೇಲೆ ನಂಜಮಣಿ ಅವನ ಹಿಂದೆ ಹತ್ತು ಮಾರು ದೂರದಲ್ಲಿ ಬರತೊಡಗಿದಳು. ಹೂವು ದಾರಿಗೆ ಬೀಳಬಾರದು, ಅದಕ್ಕೆ ಬರುತ್ತಿದ್ದೇನೆ ಎಂದಳು.

ಇಪ್ಪತ್ತಾರನೆಯ ಸಂಜೆ ಅವಳು ಓಡಿಬಂದು ಅವನ ಹೆಗಲ ಬಟ್ಟೆ ಹಿಡಿದು ಅಂಚಿಗೆ ಎಳೆದಳು. ದೀಪವಿಲ್ಲದ ಒಂದು ಟ್ರ್ಯಾಕ್ಟರು ಅವನ ಮೊಣಕೈ ಸವರಿ ಮುಂದೆ ಹೋಯಿತು. ಅದರ ಬಣ್ಣವೂ ರಸ್ತೆಯ ಬಣ್ಣವೂ ಒಂದೇ ಆಗಿತ್ತು. ಓಡಿಸುವವನು ತಿರುಗಿ ಏನೋ ಬೈದ. ವಾಮದೇವನಿಗೆ ಅವನ ಬಾಯಿ ಆಡುವುದಷ್ಟೇ ಕಂಡಿತು.

ಅವನು ಕಿವಿಯ ಹತ್ತಿ ತೆಗೆದ.

ನಂಜಮಣಿ ಬಿದ್ದ ಹೂವನ್ನು ಆಯುತ್ತಿದ್ದಳು. ಅವನ ಮುಖ ನೋಡದೆ ಹೇಳಿದಳು:

"ಅವತ್ತು ಅವ್ವನ ಹಿಂದೆ ಯಾರೂ ಇರಲಿಲ್ಲ."

ನಲವತ್ತು ದಿನ ಕಳೆಯಿತು. ಅವನು ಗುರುಗಳ ಮುಂದೆ ಕುಳಿತ. ಈಗ ನೀನೇ ಹೇಳು, ದೀಪ ಯಾವ ಹೊತ್ತಿಗೆ ಹಾಕಬೇಕು ಎಂದರು ಗುರುಗಳು.

"ಸೂರ್ಯ ಇರುವವರೆಗೆ ನಡೆಯುವವನಿಗೆ ನೆರಳಿರುತ್ತದೆ. ಮುಳುಗಿದ ಮೇಲೆ ಇರುವುದಿಲ್ಲ. ಹಿಂದೆ ಬರುವವನು ಅದನ್ನು ಕೊಡಬೇಕು."

"ಕೊಡಬೇಕಾದವನಿಗೆ ಆಗ ಕತ್ತಲಾಗಿರುತ್ತದೆಯೇ?"

"ಇಲ್ಲ, ಗುರುಗಳೇ. ಅವನಿಗೆ ಇನ್ನೂ ಎಲ್ಲವೂ ಕಾಣುತ್ತಿರುತ್ತದೆ."

ಗುರುಗಳು ಎದ್ದು ಹೊಳೆಯ ಕಡೆಗೆ ಹೋದರು. ಅವರ ನಡೆ ಈಚೆಗೆ ನಿಧಾನವಾಗಿತ್ತು.

ಮಾಘದಲ್ಲಿ ಠಾಣೆಯಿಂದ ವ್ಯಾನು ಬಂತು. ಬೇರೆ ಯಾರೋ ತಂದು ಮರದ ಕೆಳಗೆ ನಿಲ್ಲಿಸಿ ಹೋದರು. ಧೂಳು ಹಿಡಿದಿದ್ದ ಅದನ್ನು ತೊಳೆಯಲು ವಾಮದೇವ ಬಾಗಿಲು ತೆಗೆದ. ಎಡಗಡೆಯ ಸೀಟಿನ ಕೆಳಗೆ ಗುರುಗಳ ಸ್ಲೇಟು ಇತ್ತು. ಒಂದು ಮೂಲೆ ಒಡೆದಿತ್ತು.

ಅದರ ಮೇಲೆ ಅವರ ಅಕ್ಷರ.

'ದೀಪ ಹಾ'

ಮುಂದೆ ಬಳಪ ಅಡ್ಡಕ್ಕೆ ಜಾರಿ, ಚೌಕಟ್ಟಿನವರೆಗೆ ಒಂದು ಗೀರು ಎಳೆದಿತ್ತು.

ಅವನು ಸ್ಲೇಟು ಹಿಡಿದು ಗುರುಗಳ ಕೋಣೆಗೆ ಹೋದ. ನಮಸ್ಕಾರ ಮಾಡಲಿಲ್ಲ.

"ನಿಮಗೆ ಗೊತ್ತಾಗಿತ್ತು."

"ಬಸ್ಸು ಮಿನುಗಿಸಿದಾಗ ಗೊತ್ತಾಯಿತು. ರಸ್ತೆಯ ಮೇಲೆ ನಮ್ಮ ಬೆಳಕಿರಲಿಲ್ಲ."

"ಬಾಯಿಬಿಟ್ಟು ಹೇಳಬಹುದಿತ್ತು."

"ಹೌದು."

"ಎರಡೇ ಮಾತು."

"ಹೌದು. ಚೀಲದಲ್ಲಿ ಬಳಪ ಹುಡುಕಿದೆ."

"ಯಾಕೆ, ಗುರುಗಳೇ?"

ಚಿದಂಬರಯ್ಯನವರು ಹೊಳೆಯ ಕಡೆಯ ಕಿಟಕಿಯನ್ನು ನೋಡುತ್ತಿದ್ದರು.

"ಗುಡಿಯ ದೀಪ ಹಚ್ಚಲು ಇನ್ನು ಹತ್ತು ನಿಮಿಷವಿತ್ತು. ಮೂವತ್ತೊಂದು ವರ್ಷ ಕಾಪಾಡಿದ್ದೆ. ಇನ್ನು ಹತ್ತು ನಿಮಿಷ ಕಾಪಾಡಿದರೆ ಆಯಿತು ಎಂದುಕೊಂಡೆ."

ವಾಮದೇವ ಸ್ಲೇಟನ್ನು ನೆಲದ ಮೇಲಿಟ್ಟ. ತಾನು ಪೊಲೀಸರ ಮುಂದೆ ತಪ್ಪೆಲ್ಲ ತನ್ನದೆಂದಿದ್ದು ಅವನಿಗೆ ನೆನಪಾಯಿತು. ಕಿವಿಗೆ ಹತ್ತಿ ಇಟ್ಟುಕೊಂಡು ಆ ರಸ್ತೆಯಲ್ಲಿ ನಡೆದದ್ದು ತಾನೊಬ್ಬನೇ ಎಂಬುದೂ ನೆನಪಾಯಿತು.

"ಮೂರು ತಿಂಗಳಾಯಿತು. ನೀವು ಹೇಳಲಿಲ್ಲ," ಎಂದ.

"ಅದಕ್ಕೆ ಯಾವ ವ್ರತದ ನೆಪವೂ ಇಲ್ಲ," ಎಂದರು ಗುರುಗಳು. "ನಡೆ. ಇದನ್ನು ಕೇಳಬೇಕಾದವಳು ಬೇರೆ ಇದ್ದಾಳೆ."

ಎಪ್ಪತ್ತೆಂಟರ ಗುರುಗಳು ಒಂದೂವರೆ ಮೈಲಿ ನಡೆದೇ ಹೋದರು. ವಾಮದೇವ ಹಿಂದೆ ಬಂದ.

ನಂಜಮಣಿ ಮಣೆ ಹಾಕಿದಳು. ಗುರುಗಳು ಕುಳಿತುಕೊಳ್ಳದೆ, ನಿಂತೇ ಅವಳ ಕೈಗೆ ಸ್ಲೇಟು ಕೊಟ್ಟು, ಯಾವುದನ್ನೂ ಬಿಡದೆ ಹೇಳಿದರು.

ಅವಳು ಅಕ್ಷರದ ಮೇಲೆ ಬೆರಳಿಟ್ಟು ಓದಿದಳು. ಬೆರಳು ಗೀರಿನ ಕೊನೆಯವರೆಗೂ ಹೋಯಿತು.

"ಇಷ್ಟು ಬರೆಯೋಕೆ ಎಷ್ಟು ಹೊತ್ತು ಬೇಕಾಯಿತು, ಬುದ್ಧಿ?"

"ನಿನ್ನ ಅವ್ವ ಅಂಚಿಗೆ ಸರಿಯಬಹುದಾಗಿದ್ದಷ್ಟು ಹೊತ್ತು, ತಾಯಿ."

ನಂಜಮಣಿ ಒಳಗೆ ಹೋದಳು. ಸ್ಲೇಟನ್ನು ಹಿಂತಿರುಗಿಸಲಿಲ್ಲ. ಅವರು ಬಹಳ ಹೊತ್ತು ಕಾದರು. ಅವಳು ಮತ್ತೆ ಹೊರಗೆ ಬರಲಿಲ್ಲ.

ಆಶ್ರಮಕ್ಕೆ ಈಗ ನಂಜಮಣಿಯೇ ತರುತ್ತಿದ್ದ ಹೂವು ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಗುರುಗಳು ತುಳಸಿಯಿಂದಲೇ ಪೂಜೆ ಮುಗಿಸಿದರು. ವಾಮದೇವ ಅವರಿಗೆ ನೀರು ಕೊಟ್ಟ, ಹಾಸಿಗೆ ಹಾಸಿದ, ಮಾತು ಮಾತ್ರ ಆಡಲಿಲ್ಲ.

ಎಂಟನೆಯ ಸಂಜೆ ನಂಜಮಣಿ ಬುಟ್ಟಿ ಹೊತ್ತು ಬಂದಳು. ಬುಟ್ಟಿಯನ್ನು ಗುಡಿಯ ಮೆಟ್ಟಿಲ ಮೇಲೆ ಇಳಿಸಿ, ಯಾರಿಗೂ ಕೈಮುಗಿಯದೆ ಹಿಂತಿರುಗಿದಳು. ಹೊತ್ತು ಮುಳುಗಿತ್ತು. ಅವಳ ಜೊತೆ ಹೋಗಲು ಗುರುಗಳು ಏಳುವುದನ್ನು ಕಂಡು, ವಾಮದೇವ ಲಾಟೀನು ಹಚ್ಚಿಕೊಂಡು ಅವಳ ಹಿಂದೆ ಹೊರಟ. ಅವಳು ಬೇಡವೆನ್ನಲಿಲ್ಲ. ಅವಳ ನೆರಳು ಮನೆಯ ಬಾಗಿಲವರೆಗೂ ಅವಳ ಮುಂದೆಯೇ ಹೋಯಿತು.

ಹಿಂತಿರುಗಿ ಬಂದು ಅವನು ಗುರುಗಳೊಡನೆ ಮೊದಲ ಮಾತಾಡಿದ.

"ಮುಟ್ಟಿಸಿ ಬಂದೆ."

ಗುರುಗಳು ಗುರುವಾರದ ಮೌನವನ್ನು ಬಿಟ್ಟಿದ್ದರು. ಯಾಕೆಂದು ಕೇಳಿದ ಭಕ್ತರಿಗೆ ವಯಸ್ಸಾಯಿತು ಎನ್ನಲಿಲ್ಲ. ನಡೆದದ್ದನ್ನೇ ಹೇಳುತ್ತಿದ್ದರು. ಕೆಲವರು ಆಮೇಲೆ ಬರುವುದನ್ನು ನಿಲ್ಲಿಸಿದರು.

ವೈಶಾಖದಲ್ಲಿ ವಾಮದೇವನ ಲೈಸೆನ್ಸು ಮರಳಿ ಬಂತು. ಅವನು ಅದನ್ನು ತೆಗೆದು ಪೆಟ್ಟಿಗೆಯ ತಳದಲ್ಲಿಟ್ಟ.

ಒಂದು ಗುರುವಾರ ಸಂಜೆ ಔಷಧಾಲಯದಲ್ಲಿದ್ದ ಒಬ್ಬ ಮುದುಕಿಗೆ ಉಸಿರು ಕಟ್ಟತೊಡಗಿತು. ಪೇಟೆಯ ಆಸ್ಪತ್ರೆಗೆ ಸಾಗಿಸಬೇಕಿತ್ತು. ಆಟೋದವನು ಊರಲ್ಲಿರಲಿಲ್ಲ.

ಗುರುಗಳು ವ್ಯಾನಿನ ಕೀಲಿ ತಂದು ವಾಮದೇವನ ಮುಂದೆ ಹಿಡಿದರು.

"ನನ್ನ ಕೈ ನಡುಗುತ್ತದೆ, ಗುರುಗಳೇ."

"ನಡುಗಲಿ. ಆ ಕೈಯಲ್ಲೇ ಓಡಿಸು. ನಾನು ಪಕ್ಕದಲ್ಲಿ ಕೂರುತ್ತೇನೆ."

ಮುದುಕಿಯನ್ನೂ ಅವಳ ಸೊಸೆಯನ್ನೂ ಹಿಂದೆ ಕೂರಿಸಿದರು. ವಾಮದೇವ ಕೀಲಿ ತಿರುಗಿಸಿದ. ಡ್ಯಾಶ್‌ಬೋರ್ಡು ಬೆಳಗಿತು. ಅವನು ಅದನ್ನು ನಂಬಲಿಲ್ಲ. ಹೊರಗಿನ ದೀಪದ ಸ್ವಿಚ್ಚು ಹಾಕಿ, ಕೆಳಗಿಳಿದು, ಮುಂದಿನ ಎರಡು ದೀಪಗಳಿಗೂ ಅಂಗೈ ಅಡ್ಡ ಹಿಡಿದ. ಅಂಗೈ ಬೆಳಗಿತು. ಹಿಂದೆ ಹೋಗಿ ಕೆಂಪು ದೀಪಗಳಿಗೂ ಹಾಗೆಯೇ ಮಾಡಿದ. ಮರಗಳ ತುದಿಯಲ್ಲಿ ಇನ್ನೂ ಬಿಸಿಲಿತ್ತು.

ವ್ಯಾನು ಏರಿಯ ರಸ್ತೆ ಹಿಡಿಯಿತು. ಗುರುಗಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಮುಂದೆ ನೋಡುತ್ತಿದ್ದರು. ಚೀಲವಿರಲಿಲ್ಲ. ಬಳಪವಿರಲಿಲ್ಲ.

ತೂಬಿನ ತಿರುವು ಬಂತು. ರಸ್ತೆಯ ಅಂಚಿನಲ್ಲಿ ಯಾರೂ ಇರಲಿಲ್ಲ.

"ದೀಪ ಹಾಕು, ವಾಮದೇವ," ಎಂದರು ಗುರುಗಳು.

"ಹಾಕಿದ್ದೇನೆ, ಗುರುಗಳೇ. ಹೊರಡುವಾಗಲೇ ಹಾಕಿದೆ."

ಗುರುಗಳು ಆ ಬರಿದಾದ ಅಂಚನ್ನೇ ನೋಡುತ್ತಿದ್ದರು.

"ದೀಪ ಹಾಕು."